ತಿಂಗಳಿಗೊಮ್ಮೆ ಕೆಡುವ ಮೋಟರು

ಎಳ್ಳಕುಂಟಾ ಗ್ರಾಮ ಪಂಚಾಯ್ತಿಯ ನೀರಿನ ಮೋಟರು ಒಂದೇ ವರ್ಷದಲ್ಲಿ ಹದಿಮೂರು ಸಲ ಕೆಟ್ಟಿತ್ತು. ಕೆಡುವುದರಲ್ಲೂ ಎಂಥ ಶಿಸ್ತು ಅಂತೀರಿ! ಪ್ರತಿ ತಿಂಗಳು ಐದನೇ ತಾರೀಖಿನೊಳಗೆ ಒಂದು ಸಲ, ದೀಪಾವಳಿಯ ತಿಂಗಳಲ್ಲಿ ಮಾತ್ರ ಎರಡು ಸಲ. ಪ್ರತಿ ದುರಸ್ತಿಗೂ ತಗಲಿದ ಖರ್ಚು ಎರಡೂವರೆ ಸಾವಿರ. ಒಂದು ರೂಪಾಯಿ ಹೆಚ್ಚಿಲ್ಲ, ಒಂದು ರೂಪಾಯಿ ಕಡಿಮೆಯಿಲ್ಲ. ಮುಂದಿನ ವರ್ಷದ ವೋಚರ್ ಕಟ್ಟು ಬಿಚ್ಚಿದರೆ ಅಲ್ಲಿಯೂ ಹದಿಮೂರು. ಹೀಗೆ ಏಳು ವರ್ಷ. ಪ್ರತಿ ವರ್ಷ ಬಂದ ಆಡಿಟಿನವರು ಹಸಿರು ಶಾಯಿಯಲ್ಲಿ ಟಿಕ್ ಹಾಕಿ, ಚಹಾ ಕುಡಿದು ಹೋಗಿದ್ದರು.

ಈ ಕಟ್ಟುಗಳ ಮುಂದೆ ಧೂಳು ತಿನ್ನುತ್ತ ಕುಳಿತವಳು ರಾಜೇಶ್ವರಿ. ಸೇಡಂ ಕಡೆಯವಳು, ಪಂಚಾಯ್ತಿಗೆ ಲೆಕ್ಕ ಸಹಾಯಕಿಯಾಗಿ ಬಂದು ಎಂಟು ತಿಂಗಳಾಗಿತ್ತು. ಚಂದಾಪುರದಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಅವಳು ಹುಡುಕುತ್ತಿದ್ದದ್ದು ಮೋಟರನ್ನಲ್ಲ, ಒಬ್ಬ ಮನುಷ್ಯನನ್ನು. ಊರಿಗೆ ನೀರು ಬಿಡುವ ತಮ್ಮಣ್ಣನನ್ನು.

ಮೇಲಿನ ಕಚೇರಿಯಿಂದ ಒಂದು ಪತ್ರ ಬಂದಿತ್ತು. ಬಹಳ ವರ್ಷಗಳಿಂದ ದುಡಿಯುತ್ತಿರುವ ಪಂಚಾಯ್ತಿ ನೌಕರರನ್ನು ಕಾಯಂ ಪಟ್ಟಿಗೆ ಸೇರಿಸುತ್ತೇವೆ, ಎಡಬಿಡದೆ ಕೆಲಸ ಮಾಡಿ ಸಂಬಳ ಪಡೆದದ್ದಕ್ಕೆ ದಾಖಲೆ ಸಮೇತ ಶುಕ್ರವಾರದೊಳಗೆ ಹೆಸರು ಕಳಿಸಿರಿ. ಪಟ್ಟಿಯಲ್ಲಿ ಇಲ್ಲದವರಿಗೆ ಏಪ್ರಿಲ್‌ನಿಂದ ಪಂಚಾಯ್ತಿ ಸಂಬಳ ಕೊಡುವಂತಿಲ್ಲ ಎಂದು ಅದರಲ್ಲಿತ್ತು. ಸೇರಿದವನಿಗೆ ಪೂರ್ತಿ ಸಂಬಳ, ನಿವೃತ್ತಿಯ ದಿನ ಕೈಗೊಂದು ಗಂಟು. ಸೇರದವನಿಗೆ ಮನೆಯ ದಾರಿ.

ತಮ್ಮಣ್ಣ ನೀರು ಬಿಡಲು ಹಿಡಿದು ಹತ್ತೊಂಬತ್ತು ವರ್ಷ. ಅದನ್ನು ಊರಿನ ಎಮ್ಮೆಗಳೂ ಬಲ್ಲವು. ಆದರೆ ಸಂಬಳದ ರಿಜಿಸ್ಟರಿನಲ್ಲಿ ಮೊದಲ ಎರಡು ವರ್ಷ ಅವನ ಹೆಸರಿತ್ತು. ಆಮೇಲೆ ಏಳು ವರ್ಷ ಮಂಗಮಾಯ. ಸಂಬಳ ಬ್ಯಾಂಕಿಗೆ ಹೋಗಲು ಶುರುವಾದ ಮೇಲೆ ಮತ್ತೆ ಪ್ರತ್ಯಕ್ಷ. ನಡುವೆ ಬಿದ್ದ ಆ ಏಳು ವರ್ಷದ ಹಳ್ಳಕ್ಕೆ ಸೇತುವೆ ಬೇಕಿತ್ತು.

ಮೋಟರ್ ವೋಚರುಗಳನ್ನು ಒಂದೊಂದಾಗಿ ತಿರುವುತ್ತಿದ್ದವಳ ಕೈ ನಿಂತಿತು. ಮೋಟರು ನಿಜವಾಗಿ ಕೆಟ್ಟ ಬಿಲ್ಲುಗಳಿಗೆ ಚಂದಾಪುರದ ಅಮೀರ್ ಅಲಿಯ ರಿಪೇರಿ ಅಂಗಡಿಯ ಮುದ್ರೆಯಿತ್ತು. ಈ ಹದಿಮೂರು ಹದಿಮೂರರ ಗುಂಪಿಗೆ ಯಾವ ಮುದ್ರೆಯೂ ಇಲ್ಲ. ‘ಹಣ ಪಡೆದವರ ಸಹಿ’ ಎಂಬಲ್ಲಿ, ಅಕ್ಷರ ಈಗಷ್ಟೇ ಕಲಿತವರ ದಪ್ಪ ಕೈಬರಹದಲ್ಲಿ, ತಮ್ಮಣ್ಣ ಎಂದಿತ್ತು. ಒಟ್ಟು ತೊಂಬತ್ತೊಂದು ಸಲ.

ಸಂಜೆ ವಾಲ್ವ್ ಬಂದ್ ಮಾಡಿ ಬಂದ ತಮ್ಮಣ್ಣ ಬಾಗಿಲಲ್ಲೇ ನಿಂತ. ಐವತ್ತೈದರ ಗಡಿಯ ಗಟ್ಟಿ ಆಳು, ಮೊಣಕಾಲತನಕ ಒದ್ದೆ.

“ಅಕ್ಕಾರ, ನನ್ನ ಹೆಸರು ಬರದ್ರೇನ್ರಿ?”

“ಒಳಗ ಬರ್ರಿ ಕಾಕಾ, ಕುಂದ್ರಿ. ಇದು ನಿಮ್ಮ ಸಹಿ ಹೌದಿಲ್ರಿ?”

“ಹೌದ್ರಿ. ಹಿಂದಿನ ಸಾಹೇಬ್ರು ಗುರುಲಿಂಗಯ್ಯನವರು ಪಗಾರ ಕೊಟ್ಟಾಗ ಇಲ್ಲಿ ಹಾಕಪಾ ಅಂತಿದ್ರು, ಹಾಕ್ತಿದ್ದೆ. ನನಗ ಸಹಿ ಒಂದು ಬರ್ತದ, ಓದಾಕ ಬರಂಗಿಲ್ಲ.”

ಅವಳು ಮೇಲಿನ ಸಾಲು ಓದಿ ಹೇಳಿದಳು: ‘ನೀರಿನ ಮೋಟರ್ ದುರಸ್ತಿ ಖರ್ಚು’. ತಮ್ಮಣ್ಣ ತನ್ನ ಸಹಿಯ ಮೇಲೆ ಬೆರಳಿಟ್ಟ. ಆಮೇಲೆ ನಗಲೋ ಬೇಡವೋ ಎಂಬಂತೆ, “ಅಂದ್ರ ಏಳು ವರ್ಷ ನಾ ಮನಷ್ಯಾ ಇದ್ದಿಲ್ಲ, ಮೋಟರ್ ಇದ್ನೇನ್ರಿ?” ಎಂದ.

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಕೈ ಕೆಸರಾದದ್ದು ತಮ್ಮಣ್ಣನದು. ಮೊಸರನ್ನು ಬರೆದದ್ದು ಮೋಟರಿನ ಹೆಸರಿಗೆ. ರಾಜೇಶ್ವರಿಗೆ ನಗು ಬರಲಿಲ್ಲ, ಸಿಟ್ಟು ಬಂತು.

ಪಂಚಾಯ್ತಿಯ ಅಧಿಕಾರಿ ಮಹೇಶಕುಮಾರ ಕೆಟ್ಟವನಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ವೋಚರುಗಳನ್ನು ನೋಡಿದವನೇ ಕಟ್ಟಿ ಇಡ್ರಿ ಎಂದ.

“ಮೇಡಂ, ಇದು ಕುಡಿಯೋ ನೀರಿನ ಅನುದಾನ. ಸರ್ಕಾರ ಕೊಟ್ಟದ್ದು ಪೈಪಿಗಿ, ಮೋಟರಿಗಿ. ಪಗಾರ ಕೊಡಬೇಕಾದದ್ದು ಊರಿನ ತೆರಿಗಿ ಕೂಡೋ ಸ್ವಂತ ನಿಧಿಯಿಂದ. ಒಂದು ನಿಧಿ ರೊಕ್ಕ ಇನ್ನೊಂದಕ್ಕ ಹಾಕೀವಿ ಅಂತ ನಾವೇ ಬರದು ಕೊಟ್ರ, ಎರಡು ಲಕ್ಷ ಇಪ್ಪತ್ತೇಳು ಸಾವಿರದ ಐದುನೂರು ರೂಪಾಯಿ ವಸೂಲಿ ಹಚ್ಚತಾರ. ಯಾರ ಮ್ಯಾಲ? ಗುರುಲಿಂಗಯ್ಯನವರ ಪಿಂಚಣಿ ಮ್ಯಾಲ. ತಮ್ಮಣ್ಣನ ಹೆಸರು ಬಿಟ್ಟು ಪಟ್ಟಿ ಕಳಿಸ್ರಿ.”

“ಬಿಟ್ರ ಅವರ ಗತಿ ಏನ್ರಿ ಸರ್?”

ಮಹೇಶಕುಮಾರ ತಾನೇ ವೋಚರ್ ಕಟ್ಟಿಗೆ ದಾರ ಸುತ್ತತೊಡಗಿದ. ಅಂದು ಬುಧವಾರ.

ಗುರುಲಿಂಗಯ್ಯ ಹಿಂದಿನ ಕಾರ್ಯದರ್ಶಿ. ನಿವೃತ್ತರಾಗಿ ಚಂದಾಪುರದಲ್ಲೇ ಮನೆ ಮಾಡಿದ್ದರು. ರಾಜೇಶ್ವರಿ ಬಸ್ಸಿಳಿದು ನೇರ ಅಲ್ಲಿಗೇ ಹೋದಳು. ಅವರ ಹೆಂಡತಿ ಶಿವಕಾಂತಮ್ಮ, “ಬಾ ಯವ್ವಾ, ಕುಂದ್ರು” ಎಂದು ಚಹಾಕ್ಕಿಟ್ಟರು. ಹಣೆಗೆ ವಿಭೂತಿ ಹಚ್ಚಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದ ಹಿರಿಯರು ವೋಚರುಗಳ ನಕಲು ಪ್ರತಿ ನೋಡಿದ ಕೂಡಲೇ ಗುರುತು ಹಿಡಿದರು.

“ನಂದೇ ಬರಹ. ಏನು ಮಾಡಲಿ ತಂಗಿ? ಊರಾಗ ಯಾರೂ ನೀರಿನ ತೆರಿಗಿ ಕಟ್ಟತಿದ್ದಿಲ್ಲ. ಸ್ವಂತ ನಿಧಿ ಅಂದ್ರ ಬರೀ ಡಬ್ಬಿ. ಅತ್ತ ನೀರಿನ ಅನುದಾನ ತುಂಬಿ ಕುಂತಿತ್ತು. ಈ ಮನಷ್ಯಾಗ ಐದು ತಿಂಗಳು ಪಗಾರಿಲ್ಲ. ಒಂದಿನಾನೂ ನೀರು ನಿಲ್ಲಿಸಲಿಲ್ಲ. ಅವನ ಹೆಂಡತಿ ಸುನಿತಾ ಬಾಣಂತಿ, ಮನ್ಯಾಗ ಜ್ವಾಳ ಖಾಲಿ. ಮೋಟರ್ ದುರಸ್ತಿ ಅಂತ ಬರದೆ. ಒಂದು ಸಲಕ್ಕ ಅಂತ ಶುರು ಮಾಡ್ದೆ, ಆಮ್ಯಾಲ ಅದೇ ರೂಢಿ ಆತು.”

“ಇಷ್ಟನ್ನ ಒಂದು ಕಾಗದದ ಮ್ಯಾಲ ಬರದು ಕೊಡ್ರಿ ಸರ್. ಈ ರೊಕ್ಕ ತಮ್ಮಣ್ಣನ ಪಗಾರ ಅಂತ.”

ಮುದುಕರು ನಕಲು ಪ್ರತಿಯನ್ನು ಅವಳಿಗೇ ಹಿಂದಕ್ಕೆ ಕೊಟ್ಟರು. “ನನ್ನ ಪಿಂಚಣಿಗಿ ಕೈ ಹಚ್ಚತಾರ. ಈ ವಯಸ್ಸಿನ್ಯಾಗ ಕಚೇರಿ ಮೆಟ್ಟಲಾ ಹತ್ತೋದು ನನ್ನ ಕಡಿಂದ ಆಗಂಗಿಲ್ಲ.”

ರಾಜೇಶ್ವರಿ ತಾಳ್ಮೆ ಕಳೆದುಕೊಂಡಳು. “ನೀವು ಅವರ ಹೊಟ್ಟಿ ತುಂಬಿಸಿದ್ರಿ, ಖರೇ ಮಾತು. ಆದ್ರ ಅವರ ಏಳು ವರ್ಷ ನೀವೇ ನುಂಗಿದ್ರಿ” ಎಂದುಬಿಟ್ಟಳು. ಅಂದ ಮೇಲೆ ನಾಲಗೆ ಕಚ್ಚಿಕೊಂಡಳು. ಶಿವಕಾಂತಮ್ಮ ಅವಳ ಕೈಗೆ ಚಹಾದ ಲೋಟ ಕೊಟ್ಟು ಒಳಗೆ ಹೋದರು.

ಅಷ್ಟರಲ್ಲಿ ಪಕ್ಕದ ಮನೆಯ ಗುಂಡಮ್ಮ ಬಟ್ಟಲೊಂದನ್ನು ಹಿಡಿದು ನೇರ ಅಡಿಗೆಮನೆಗೆ ನಡೆದಳು. “ಶಿವಕಾಂತಕ್ಕಾ, ಮೊನ್ನೆ ಒಯ್ದ ಕಡ ತೀರ್ತು ನೋಡು.” ಶಿವಕಾಂತಮ್ಮ ಜೋಳದ ಹಿಟ್ಟನ್ನು ಡಬ್ಬಿಗೆ ಸುರುವಿಕೊಂಡು, ಖಾಲಿ ಬಟ್ಟಲು ಕೊಡಬಾರದೆಂದು ನಾಲ್ಕು ಹಸಿಮೆಣಸಿನಕಾಯಿ ಹಾಕಿ ಕಳಿಸಿದರು. ನಮ್ಮ ಕಡೆ ಯಾವ ಓಣಿಯಲ್ಲೂ ದಿನಕ್ಕೆ ಹತ್ತು ಸಲ ನಡೆಯುವ ಕೈಸಾಲದ ವ್ಯವಹಾರ. ಒಯ್ದ ಬಟ್ಟಲಿನಲ್ಲೇ ಅಳೆದು ತಂದು ಕೊಟ್ಟರೆ ಮುಗಿಯಿತು. ಯಾರೂ ಯಾರನ್ನೂ ಕಳ್ಳರೆನ್ನುವುದಿಲ್ಲ.

ರಾಜೇಶ್ವರಿ ಹುಟ್ಟಿದಾಗಿನಿಂದ ಇದನ್ನು ನೋಡಿದವಳೇ. ಅಂದು ಮಾತ್ರ ಅವಳ ಕೈಯ ಲೋಟ ತುಟಿಯ ಹತ್ತಿರವೇ ನಿಂತಿತು.

“ಸರ್, ಇದೂ ಕಡಾನೇ ಅಲ್ರಿ? ಸ್ವಂತ ನಿಧಿ ಮನ್ಯಾಗ ಹಿಟ್ಟಿದ್ದಿಲ್ಲ, ನೀರಿನ ನಿಧಿ ಮನಿಂದ ತಂತು. ನೀವು ತಿಂದಿಲ್ಲ, ತಮ್ಮಣ್ಣ ಕಾಕಾ ದುಡದು ತಿಂದಾರ. ಕಡ ಒಯ್ದದ್ದು ತಪ್ಪಲ್ಲ, ಅದನ್ನ ಮೋಟರ್ ಅಂತ ಬರದದ್ದು ತಪ್ಪು. ಸ್ವಂತ ನಿಧಿ ನೀರಿನ ನಿಧಿಗಿ ಇಷ್ಟು ಕೊಡೋದದ ಅಂತ ಎರಡೂ ಕಡಿ ಬರೀತೀನಿ. ಪಂಚಾಯ್ತಿ ಸಭಾದಾಗ ಠರಾವ್ ಮಾಡಿ, ತೆರಿಗಿ ಎತ್ತಿ ತೀರಸ್ತೀವಿ. ಆಗ ವಸೂಲಿ ನಿಮ್ಮ ಮ್ಯಾಲ ಯಾಕ ಬರ್ತದ?”

ಗುರುಲಿಂಗಯ್ಯ ಕನ್ನಡಕ ತೆಗೆದು ಒರೆಸಿದರು. ಲೆಕ್ಕ ಬಲ್ಲ ಮನುಷ್ಯ, ಮಾತು ತಟ್ಟಿತ್ತು. ಆದರೂ ತಲೆಯಾಡಿಸಿದರು. “ಎಳ್ಳಕುಂಟಾ ಮಂದಿ ನೀರಿನ ತೆರಿಗಿ ಕಟ್ಟತಾರ? ಹುಚ್ಚಿ ಇದ್ದಿ ನೀ. ಹೋಗು, ಬಸ್ಸಿನ್ಯಾಗ ಬಂದು ದಣದಿ.”

ಗುರುವಾರ ಹತ್ತು ಗಂಟೆಗೆ ರಾಜೇಶ್ವರಿ ತಮ್ಮಣ್ಣನ ಹೆಸರಿಲ್ಲದ ಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತಿದ್ದಳು. ಸಹಿಗೆ ಒಯ್ಯಲು ಮನಸ್ಸು ಬರುತ್ತಿಲ್ಲ, ಹರಿದೆಸೆಯಲು ಧೈರ್ಯವಿಲ್ಲ. ತಮ್ಮಣ್ಣ ಬೆಳಿಗ್ಗೆಯಿಂದ ಎರಡು ಸಲ ಬಾಗಿಲವರೆಗೆ ಬಂದು, ಏನೂ ಕೇಳದೆ ಹೋಗಿದ್ದ. ಕೇಳಿದ್ದರೆ ವಾಸಿಯಿತ್ತು.

ಹನ್ನೊಂದರ ಬಸ್ಸಿಗೆ ಗುರುಲಿಂಗಯ್ಯ ಬಂದಿಳಿದರು. ಒಗೆದ ಧೋತ್ರ, ಕೈಯಲ್ಲಿ ಚೀಲ. ಮಹೇಶಕುಮಾರ ಎದ್ದು ನಿಂತು ಕುರ್ಚಿ ಕೊಟ್ಟ. ಅವರು ಕುಳಿತು ಚೀಲದಿಂದ ಪೆನ್ನು ತೆಗೆದರು.

“ರಾತ್ರಿ ನಮ್ಮ ಮನಿಯಾಕಿ ಒಂದು ಮಾತಂದಳು. ಕಾಯಕ, ದಾಸೋಹ ಅಂತ ದಿನಾ ವಚನ ಹಾಡ್ತೀರಿ, ಕಾಯಕ ಮಾಡಿದವನ ಹೆಸರೇ ಅಳಿಸಿ ಕುಂತೀರಲ್ರಿ ಅಂದಳು. ನನ್ನ ಪಿಂಚಣಿ ಒಂದನೇ ತಾರೀಖಿಗಿ ತಪ್ಪದೆ ಬರ್ತದ. ಯಾಕ? ನನ್ನ ಹೆಸರು ನಾನು ಎಲ್ಲಾ ಕಡಿ ಸರಿಯಾಗಿ ಬರಕೊಂಡಿದ್ದೆ.” ಅವರು ಕೈ ಚಾಚಿದರು. “ಕಾಗದ ತಾ ತಂಗಿ.”

ಮೂರು ಪುಟ ಬರೆದರು. ತೊಂಬತ್ತೊಂದು ವೋಚರುಗಳ ಪಟ್ಟಿಗೆ ಸಾಲು ಸಾಲಿಗೂ ಸಹಿ ಮಾಡಿದರು. ನಡುವೆ ಕೈ ನೋಯಿತೆಂದು ಎರಡು ಸಲ ನಿಂತರು, ಒಮ್ಮೆ ಚಹಾ ಕುಡಿದರು. ಮಹೇಶಕುಮಾರ ಅವರ ಬೆನ್ನ ಹಿಂದೆ ಓಡಾಡುತ್ತಿದ್ದವನು ಕೊನೆಗೆ ಒಂದು ನಿಟ್ಟುಸಿರು ಬಿಟ್ಟು, “ಬರೀರಿ ಮೇಡಂ, ತಮ್ಮಣ್ಣನ ಹೆಸರು ಬರೀರಿ. ಇವರಿಗಿಲ್ಲದ ಅಂಜಿಕಿ ನನಗ್ಯಾಕ?” ಎಂದ. ಸದಸ್ಯರನ್ನು ಫೋನು ಮಾಡಿ ಕರೆಸಿ, ಅಂದೇ ತುರ್ತು ಸಭೆ ಸೇರಿಸಿ ಠರಾವೂ ಮಾಡಿಸಿದ. ಸದಸ್ಯರು ಅರ್ಧ ಗಂಟೆಯಲ್ಲಿ ಒಪ್ಪಿದರು. ನೀರಿನ ತೆರಿಗೆಯ ಬಾಕಿಯಲ್ಲಿ ತಮ್ಮ ಮನೆಗಳೂ ಇವೆ ಎಂಬುದು ಆಗ ಅವರ ತಲೆಗೆ ಹೊಳೆದಿರಲಿಲ್ಲ.

ಸರ್ಕಾರಿ ಕಾಗದದ ನಡಿಗೆ ನಿಮಗೆ ಗೊತ್ತೇ ಇದೆ. ಶುಕ್ರವಾರ ಹೋದ ಪಟ್ಟಿಗೆ ಎರಡು ಸಲ ಪ್ರಶ್ನೆ ಬಂತು, ರಾಜೇಶ್ವರಿ ಎರಡು ಸಲವೂ ಕಟ್ಟು ಹೊತ್ತುಕೊಂಡು ಹೋಗಿ ಉತ್ತರ ಕೊಟ್ಟಳು. ಆಡಿಟಿನವರು ಈ ಸಲ ಚಹಾಕ್ಕಿಂತ ಮೊದಲು ಲೆಕ್ಕ ನೋಡಿದರು. ನಿಧಿಯಿಂದ ನಿಧಿಗೆ ಹೋದ ಹಣ ಮರಳುವ ತನಕ ಆಕ್ಷೇಪಣೆ ತೆರೆದೇ ಇರುತ್ತದೆ, ಮರಳುತ್ತಿದ್ದರೆ ಯಾರ ಮೇಲೂ ವಸೂಲಿ ಇಲ್ಲ ಎಂದು ಬರೆದರು. ಮಾರ್ಚ್ ಕೊನೆಯ ವಾರ ಆದೇಶ ಬಂತು.

ರಾಜೇಶ್ವರಿ ಅದನ್ನು ಹಿಡಿದು ನೀರಿನ ಟಾಕಿಯ ಹತ್ತಿರ ಓಡಿದಳು. ತಮ್ಮಣ್ಣ ವಾಲ್ವಿನ ಗುಂಡಿಯಲ್ಲಿ ಬಗ್ಗಿದ್ದ. “ಜರಾ ನಿಂದರ್ರಿ ಅಕ್ಕಾರ, ಲಂಬಾಣಿ ತಾಂಡಾಕ್ಕ ಇನ್ನಾ ಹತ್ತು ನಿಮಿಷ ನೀರು ಬಿಡೋದದ” ಎಂದ. ಹತ್ತು ನಿಮಿಷ ಅವಳು ಬಿಸಿಲಲ್ಲಿ ನಿಂತಳು. ಮೇಲೆ ಬಂದು ಕೈ ತೊಳೆದುಕೊಂಡವನಿಗೆ ಆದೇಶ ಓದಿ ಹೇಳಿದಳು. ಹೆಸರು ಬಂದಲ್ಲಿ, ಇನ್ನೊಮ್ಮೆ ಓದ್ರಿ ಎಂದ. ಓದಿದಳು. ಅವನು ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತ. ಅವಳೂ ಅತ್ತಳು; ಸುಳ್ಳೇಕೆ ಹೇಳಬೇಕು.

ಟವೆಲು ಸರಿಸಿ ಅವನು ಕೇಳಿದ ಮೊದಲ ಮಾತು ಸಂಬಳದ್ದಲ್ಲ.

“ಗುರುಲಿಂಗಯ್ಯ ಸಾಹೇಬ್ರಿಗಿ ಏನೂ ತೊಂದ್ರಿ ಆಗಂಗಿಲ್ಲಲ್ರಿ?”

“ಊರು ಕಡ ತೀರಿಸಿದ್ರ ಆಗಂಗಿಲ್ಲ ಕಾಕಾ. ಇಲ್ಲೀತನಕ ಒಂಬತ್ತು ಸಾವಿರ ಬಂದದ. ಮಂದಿ ನಾಳಿ ಬರ್ರಿ ಅಂತಾರ.”

ತಮ್ಮಣ್ಣ ಟವೆಲು ಹೆಗಲಿಗೆ ಹಾಕಿಕೊಂಡ. ಅವಳ ಜೊತೆ ಕಚೇರಿಗೆ ನಡೆದು ಬಂದ. ಕಟ್ಟೆಯ ಮೇಲೆ ನಾಲ್ಕಾರು ಮಂದಿ ಕುಳಿತಿದ್ದರು. ಅವನು ಒಳಅಂಗಿಯ ಕಿಸೆಯಿಂದ ಮಡಚಿದ ನೋಟುಗಳನ್ನು ತೆಗೆದು, ಅವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಹೇಳಿದ:

“ನಮ್ಮ ಮನಿ ನಳದ ತೆರಿಗಿ ನಾಲ್ಕು ವರ್ಷ ಬಾಕಿ ಅದರಿ ಅಕ್ಕಾರ. ನೀರು ಬಿಡಾಂವಗ ಯಾರು ಕೇಳತಾರ ಅಂತ ಸುಮ್ಮ ಇದ್ದೆ. ಮೊದಲ ನಂದು ಪಾವತಿ ಹರೀರಿ. ಆಮ್ಯಾಲ ಪುಸ್ತಕ ತಗೊಂಡು ನನ್ನ ಜೋಡಿ ನಡೀರಿ. ಯಾರ ಮನ್ಯಾಗ ಎಷ್ಟು ನಳ ಅವ ಅಂತ ಈ ಊರಾಗ ನನಗ ಬಿಟ್ರ ಯಾರಿಗೂ ಗೊತ್ತಿಲ್ಲ.”

ಕಟ್ಟೆಯ ಮೇಲಿದ್ದವರಲ್ಲಿ ಇಬ್ಬರು ಮೆಲ್ಲಗೆ ಜಾರಿಕೊಂಡು ಮನೆಯ ಕಡೆ ಹೊರಟಿದ್ದರು. ಮೂರನೆಯವನು ಕಿಸೆ ತಡವಿಕೊಂಡು, ತನ್ನದು ಎಷ್ಟಾಗುತ್ತದೆಂದು ಕೇಳಿದ. ರಾಜೇಶ್ವರಿ ರಸೀದಿ ಪುಸ್ತಕ ತೆರೆದು, ನೀರಿನ ತೆರಿಗೆ, ತಮ್ಮಣ್ಣ, ಒಂದು ಸಾವಿರದ ಒಂಬೈನೂರ ಇಪ್ಪತ್ತು ರೂಪಾಯಿ ಎಂದು ಬರೆದು, ಹರಿದು ತಮ್ಮಣ್ಣನ ಕೈಗೆ ಕೊಟ್ಟಳು.