ಹತ್ತು ವರ್ಷದ ಪ್ರಶ್ನೆ

ಮನೆಯವರನ್ನು ಈ ಪ್ರಶ್ನೆ ಕೇಳಕೂಡದು ಎಂದು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದವಳೇ ಅಕ್ಕ. ಆದರೆ ಹೊಟ್ಟೆಕಿಚ್ಚಿಗೆ ಪಾಠಗೀಠ ಎಲ್ಲಿ ನೆನಪಿರುತ್ತದೆ?

ಅಕ್ಕ ಆರೋಗ್ಯದ ಅರ್ಥಶಾಸ್ತ್ರ ಓದಿದವಳು. ಸರ್ಕಾರದ ದುಡ್ಡು ಯಾವತ್ತೂ ಸಾಲದು. ಯಾವ ಕಾಯಿಲೆಯವರಿಗೆ ಎಷ್ಟು ಎಂದು ಹಂಚಬೇಕಾದರೆ ಯಾರ ಕಷ್ಟ ಎಷ್ಟು ದೊಡ್ಡದು ಎಂದು ಯಾರಾದರೂ ಅಳೆಯಬೇಕಲ್ಲ. ಆ ಕೆಲಸ ಅವಳದು. ಕಚೇರಿಯವರು ಬೆನ್ನ ಹಿಂದೆ ‘ತಕ್ಕಡಿ ಮೇಡಂ’ ಎನ್ನುತ್ತಿದ್ದರು. ಅವಳ ಚೀಲದಲ್ಲಿ ಸದಾ ಒಂದು ಮರದ ಹಲಗೆ, ಅದರ ಮೇಲೆ ಸೊನ್ನೆಯಿಂದ ಹತ್ತರವರೆಗೆ ಗೆರೆಗಳು, ಬಿಟ್ಟುಕೊಡುವಷ್ಟು ವರ್ಷಕ್ಕೆ ಸರಿಸಲು ಒಂದು ಕೆಂಪು ಗುಂಡಿ. ಪ್ರಶ್ನೆ ಒಂದೇ: ಈಗಿನ ಸ್ಥಿತಿಯಲ್ಲೇ ಹತ್ತು ವರ್ಷ ಬದುಕುತ್ತೀರೋ, ಇಲ್ಲ ಅದರಲ್ಲಿ ಕೆಲವು ವರ್ಷ ಬಿಟ್ಟುಕೊಟ್ಟು ಉಳಿದಷ್ಟನ್ನು ಪೂರ್ತಿ ಆರೋಗ್ಯವಾಗಿ ಬದುಕುತ್ತೀರೋ? ಹೆಚ್ಚು ಬಿಟ್ಟುಕೊಟ್ಟವರ ಕಷ್ಟ ಹೆಚ್ಚು. ಅದನ್ನು ನೀಗಿಸುವ ಯೋಜನೆಗೆ ದುಡ್ಡು ಸಿಗುವ ಆಸೆಯೂ ಹೆಚ್ಚು.

ಈ ಸಲ ಅಳೆಯುತ್ತಿದ್ದುದು ನಡೆಯಲಾರದವರ ಕಷ್ಟ. ಸಮಿತಿ ಒಪ್ಪಿದರೆ ಅಂಥವರ ಮನೆಗೆ ದಿನವೂ ಒಬ್ಬ ನರ್ಸ್ ಬರುತ್ತಾಳೆ. ಅಕ್ಕನಿಗೆ ಈ ಯೋಜನೆಯೆಂದರೆ ಜೀವ. ಅದು ಜನರ ಮೇಲಿನ ಪ್ರೀತಿಗಲ್ಲ, ಮುಚ್ಚಿಡುವುದೇಕೆ. ಚಿಕ್ಕಂದಿನ ಜ್ವರದಲ್ಲಿ ಕಾಲಿನ ಬಲ ಕಳೆದುಕೊಂಡ ತಂಗಿಯೊಬ್ಬಳಿದ್ದಳು, ಅಮ್ಮ ಅಂದಿನಿಂದ ಅವಳಿಗೇ ಅಂಟಿಕೊಂಡಿದ್ದಳು. ನೋಡಿಕೊಳ್ಳಲು ಯಾರಾದರೂ ಸಿಕ್ಕಿದರೆ ನಿನ್ನ ಮನೆಗೆ ಬಂದು ಇರುತ್ತೇನೆ ಎಂದು ಅಮ್ಮ ಒಮ್ಮೆ ಬಾಯಿಬಿಟ್ಟು ಹೇಳಿದ್ದಳು. ಅಕ್ಕ ಅಂದಿನಿಂದ ಆ ನರ್ಸಿಗಾಗಿ ಕಾಯುತ್ತಿದ್ದಳು.

ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಎನ್ನುತ್ತಾರೆ. ಅಕ್ಕನ ಪಾಲಿಗೆ ಸುಣ್ಣವೂ ಬಂದಿರಲಿಲ್ಲ. ಬಹುಮಾನ ತಂದು ತೋರಿಸಿದರೆ ಅಮ್ಮ ತಂಗಿಯ ಕಾಲಿಗೆ ಪಟ್ಟಿ ಬಿಗಿಯುತ್ತಲೇ ‘ನಿನಗೇನು, ಗಟ್ಟಿಗಿತ್ತಿ’ ಎಂದು ಮುಗಿಸುತ್ತಿದ್ದಳು. ಗಟ್ಟಿಗಿತ್ತಿ ಎಂಬ ಮಾತನ್ನು ಅವಳಷ್ಟು ದ್ವೇಷಿಸಿದವರು ಇನ್ನೊಬ್ಬರಿರಲಿಕ್ಕಿಲ್ಲ.

ಒಂದು ಭಾನುವಾರ ಅಮ್ಮನ ಮನೆಗೆ ಹೋದ ಅಕ್ಕ ತಂಗಿಯ ಮಂಚದ ಮೇಲೆ ಹಲಗೆ ಇಟ್ಟು, ಸುಮ್ಮನೆ ಅಭ್ಯಾಸಕ್ಕೆ ಎಂದಳು. ನಿಜವಾಗಿ ಬೇಕಾಗಿದ್ದುದು ಬೇರೆ. ತಂಗಿಯ ಬಾಳು ಎಷ್ಟು ಕೆಟ್ಟದು ಎಂದು ಅವಳ ಬಾಯಿಂದಲೇ ಒಮ್ಮೆ ಕೇಳಬೇಕಿತ್ತು.

ತಂಗಿ ಗುಂಡಿಯನ್ನು ಮುಟ್ಟಲೇ ಇಲ್ಲ. ಇವಳಿಗೆ ತಲೆಗೆ ಹೋಗಿಲ್ಲ ಎಂದುಕೊಂಡು ಅಕ್ಕ ಮತ್ತೊಮ್ಮೆ ನಿಧಾನವಾಗಿ ಬಿಡಿಸಿ ಹೇಳಿದಳು.

“ಅರ್ಥ ಆಗಿದೆ ಅಕ್ಕ. ಒಂದು ದಿನಾನೂ ಬಿಟ್ಟುಕೊಡಲ್ಲ.”

“ಯಾಕೆ?”

“ನನ್ನ ಕಾಲು ಸರಿಹೋದ್ರೆ ಅಮ್ಮ ನಿನ್ನ ಮನೆಗೆ ಹೊರಟುಬಿಡ್ತಾಳೆ.”

ಅಕ್ಕ ತಂಗಿಯನ್ನೇ ದಿಟ್ಟಿಸಿದಳು. ತಾನು ಪಾಪ ಎನ್ನಬೇಕಾದವಳು ಇಷ್ಟು ನೆಮ್ಮದಿಯಾಗಿ ಕೂತಿದ್ದಾಳಲ್ಲ. ಇಂಥ ಉತ್ತರಗಳು ಹೆಚ್ಚಾದರೆ ಯೋಜನೆಯೂ ಬಿದ್ದುಹೋಗುತ್ತದೆ, ನರ್ಸೂ ಬರುವುದಿಲ್ಲ, ಅಮ್ಮನೂ ಬರುವುದಿಲ್ಲ.

ತಂಗಿ ಹಲಗೆಯನ್ನು ಅವಳ ಕಡೆ ತಿರುಗಿಸಿದಳು. “ನೀನು ಹೇಳು. ನನ್ನ ಜಾಗಕ್ಕೆ ಬರೋಕೆ ನೀನೆಷ್ಟು ಬಿಟ್ಟುಕೊಡ್ತೀಯ?”

ಹುಚ್ಚು ಪ್ರಶ್ನೆ. ಆರೋಗ್ಯ ಕೊಟ್ಟು ಕಾಯಿಲೆ ಕೊಳ್ಳುವವರು ಯಾವ ಪುಸ್ತಕದಲ್ಲೂ ಇಲ್ಲ. ಹಾಗೆಂದು ನಗುತ್ತಲೇ ಅಕ್ಕ ಕೆಳಗೆ ನೋಡಿದರೆ, ಅವಳ ಬೆರಳು ಗುಂಡಿಯನ್ನು ಅರ್ಧಕ್ಕಿಂತ ಆಚೆ ತಳ್ಳಿತ್ತು. ಕೈ ಹಿಂದೆಗೆದುಕೊಂಡಳು. ತಂಗಿ ನೋಡಿಬಿಟ್ಟಿದ್ದಳು.

ಅಷ್ಟರಲ್ಲಿ ಅಮ್ಮ ಬಿಸಿ ಎಣ್ಣೆಯ ಬಟ್ಟಲು ಹಿಡಿದು ಬಂದಳು. ಮಂಚದ ತುದಿಯಲ್ಲಿ ಕೂತು ತಂಗಿಯ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡಳು.

“ಅಮ್ಮ, ನನಗೂ ಕಾಲು ನೋಯ್ತಿದೆ” ಎಂದಳು ಅಕ್ಕ. ತಲೆಗೂದಲು ನರೆತ ಹೆಂಗಸು, ಅದೂ ಸುಳ್ಳು.

ಅಮ್ಮ ಮುಖವೆತ್ತಿ ನೋಡಿದಳು. “ಎಲ್ಲಿ?”

ಊರಿನವರ ನೋವಿಗೆಲ್ಲ ಅಂಕಿ ಹಾಕುವವಳಿಗೆ ತೋರಿಸಲು ಜಾಗ ಸಿಗಲಿಲ್ಲ. ಸುಮ್ಮನೆ ಕಾಲು ಚಾಚಿದಳು. ಅಮ್ಮ ತಂಗಿಯ ಕಾಲನ್ನು ಮೆಲ್ಲಗೆ ಪಕ್ಕಕ್ಕಿಟ್ಟು, ಅಂಗೈಗೆ ಎಣ್ಣೆ ಸುರಿದುಕೊಂಡು, ಅಕ್ಕನ ಪಾದ ತಿಕ್ಕತೊಡಗಿದಳು.

ತಂಗಿಯ ಮುಖ ಚಿಕ್ಕದಾಯಿತು. “ಅವಳಿಗೆ ಏನೂ ಆಗಿಲ್ಲಮ್ಮ.”

“ಗೊತ್ತು, ಸುಮ್ನಿರು” ಎಂದಳು ಅಮ್ಮ, ಕೈ ನಿಲ್ಲಿಸದೆ.