ವಾಷರ್ ಡಬ್ಬಿ

ಒಂದ್ನಿಮಿಷ ಇರಿ, ಇದನ್ನ ಪೂರ್ತಿ ಕೇಳಿಬಿಡಿ. ನಡುಮನೇಲಿ ಪ್ಲಂಬರ್ ಹೆಣ ಮಲಗಿಸಿದ್ರು, ಸ್ಮಶಾನಕ್ಕೆ ಒಯ್ಯೋ ಗಾಡಿ ಬರೋದಷ್ಟೇ ಬಾಕಿ. ಅಡುಗೆಮನೇಲಿ ಅವನ ತಂಗಿ ಎರಡೂ ಕೈಲಿ ನಲ್ಲಿ ತಿರುವ್ತಾ ನಿಂತಿದ್ಲು. ಎಷ್ಟು ಬಿಗಿ ಮಾಡಿದ್ರೂ ತೊಟ್ಟಿಕ್ಕೋದು ನಿಲ್ತಾನೇ ಇಲ್ಲ.

"ಊರವರ ನಲ್ಲಿ ಎಲ್ಲಾ ರಿಪೇರಿ ಮಾಡೋರು, ನಮ್ಮನೇದು ಮಾತ್ರ 'ನಾಳೆ ಮಾಡ್ತೀನಿ ಕಣೇ'," ಅಂದ್ಲು ಪ್ಲಂಬರ್ ಹೆಂಡ್ತಿ. ನಗೋಕೆ ಹೋಗಿ ಅತ್ತುಬಿಟ್ಲು.

ಲೋಟ ತೊಳೆಯೋಕೆ ಬಂದ ಎದುರುಮನೆ ಅಜ್ಜಿ ಸುಮ್ನಿರ್ಬಾರ್ದಾ? "ಗುಂಡುಕಲ್ಲಿನ ಹಾಗಿದ್ದೋನಿಗೆ ಸ್ಟ್ರೋಕ್ ಅಂದ್ರೆ! ನಿನ್ನ ಕೈ ಉಪ್ಪು ಸ್ವಲ್ಪ ಜಾಸ್ತೀನೇ ಅಲ್ವೇನಮ್ಮಾ?"

ಅಜ್ಜಿ ಆಚೆ ಹೋದದ್ದೇ ತಡ, ಅತ್ತಿಗೆ ನಾದಿನಿ ಕೈ ಹಿಡ್ಕೊಂಡ್ಲು. "ನಿಜ ಹೇಳು ಪುಟ್ಟಿ. ನಿಮ್ಮಣ್ಣ ಸಪ್ಪೆ ಅಂತ ಮುಖ ಸಿಂಡರಿಸಿದಾಗೆಲ್ಲ ಒಂದು ಚಿಟಿಕೆ ಹಾಕ್ತಿದ್ದೆ. ನಾನೇ ಕೊಂದುಬಿಟ್ನಾ?"

* * *

ಹೋದ ವರ್ಷ ಪ್ಲಂಬರ್, ಹೆಂಡ್ತಿ, ತಂಗಿ ಮೂವರೂ ಡಾಕ್ಟ್ರ ಮುಂದೆ ಕೂತಿದ್ರು.

"ಕಿಡ್ನಿ ಮೇಲೆ ಟೋಪಿ ಥರ ಒಂದು ಗ್ರಂಥಿ ಇದೆ. ನಿಮ್ಮದು ಒಂದು ಹಾರ್ಮೋನನ್ನ ಬೇಕಾದ್ದಕ್ಕಿಂತ ಜಾಸ್ತಿ ಬಿಡ್ತಿದೆ. ಅದು ಉಪ್ಪನ್ನ ಹೊರಗೆ ಹೋಗೋಕೆ ಬಿಡಲ್ಲ, ಉಪ್ಪಿನ ಜೊತೆ ನೀರೂ ನಿಲ್ಲುತ್ತೆ, ಬಿಪಿ ಏರುತ್ತೆ. ರಕ್ತನಾಳ ಗಟ್ಟಿಯಾಗ್ತಾ ಹೋಗುತ್ತೆ. ಮೆದುಳಲ್ಲಿ ಒಂದಿನ ಕಟ್ಕೊಳ್ಳುತ್ತೆ, ಇಲ್ಲ ಒಡೆಯುತ್ತೆ."

"ಟ್ಯಾಂಕ್ ತುಂಬಿದ್ರೂ ನೀರು ನಿಲ್ತಿಲ್ಲ, ಪೈಪು ಎಷ್ಟೂಂತ ತಡ್ಕೊಳ್ಳುತ್ತೆ ಅನ್ನಿ," ಅಂದ ಪ್ಲಂಬರ್.

"ಅದೇ! ಉಪ್ಪು ಕಮ್ಮಿ ಮಾಡಿ. ಆದ್ರೆ ಆ ಹಾರ್ಮೋನನ್ನ ತಡೆಯೋದು ಈ ಮಾತ್ರೆ. ಬಿಪಿ ಸರಿಹೋಯ್ತು ಅಂತ ಬಿಟ್ಟೀರಿ ಮತ್ತೆ."

ಅವತ್ತಿಂದ ಮಾತ್ರೆ ತರೋಳು ಮೆಡಿಕಲ್ ಶಾಪಲ್ಲಿ ಕೆಲಸ ಮಾಡೋ ತಂಗಿ, ಬೆಳಗ್ಗೆ ಅಂಗೈಲಿಡೋಳು ಹೆಂಡ್ತಿ. ಬಿಪಿ ಇಳೀತು. ಪ್ಲಂಬರ್‌ಗೆ ಖುಷಿಯೋ ಖುಷಿ. "ಸೋರೋದು ನಿಂತ್ಮೇಲೆ ಸಾಮಾನು ಯಾಕೆ ಸವೆಸ್ಬೇಕು?" ಅಂತ ತಂಗಿ ಹತ್ರ ನಕ್ಕಿದ್ದ. ತಮಾಷೆ ಅಂದ್ಕೊಂಡಿದ್ಲು ಅವಳು.

* * *

"ಅಳಬೇಡಿ ಅತ್ತಿಗೆ. ಮೊದ್ಲು ಈ ನಲ್ಲಿ ನೋಡ್ತೀನಿ," ಅಂತ ತಂಗಿ ಅಣ್ಣನ ಬ್ಯಾಗಿಂದ ವಾಷರ್ ಡಬ್ಬಿ ತೆಗೆದ್ಲು. ಮುಚ್ಚಳ ಎತ್ತಿದ್ರೆ, ಕಪ್ಪು ರಬ್ಬರ್ ವಾಷರ್‌ಗಳ ಮಧ್ಯೆ ಬೆಳ್ಳಗೆ ಮಾತ್ರೆ. ಒಂದೆರಡಲ್ಲ, ಅರ್ಧ ಡಬ್ಬಿ! ಅವಳೇ ತಂದುಕೊಟ್ಟಿದ್ದು. ಹಳೇ ವಾಷರನ್ನೂ ಎಸೆಯದ ಮಹಾಶಯ, ಮುಂದೆ ಬಿಪಿ ಏರಿದಾಗ ಬೇಕಾಗುತ್ತೆ ಅಂತ ಎತ್ತಿಟ್ಟಿದ್ದ.

ಪಟ್ಟಂತ ಮುಚ್ಚಿದ್ಲು.

ತೋರಿಸಿದ್ರೆ ಉಪ್ಪಿನ ಕೊರಗು ಅತ್ತಿಗೆಗೆ ಇಳಿದೀತು. ಆದ್ರೆ ದಿನಾ ಬೆಳಗ್ಗೆ ಅವಳೆದುರು ನೀರು ಕುಡಿದು, "ನುಂಗ್ದೆ ಕಣೇ, ನೋಡು" ಅಂತ ಬಾಯಿ ಅಗಲಿಸಿ ನಗಿಸ್ತಿದ್ದ ಗಂಡ? ಅವನು ಅವಳ ಪಾಲಿಗೆ ಸುಳ್ಳ ಆಗ್ಬಿಡ್ತಾನಲ್ಲ?

ಹೊರಗೆ ಗಾಡಿ ಬಂದು ನಿಂತ ಸದ್ದು. ಅತ್ತಿಗೆ ಸೆರಗಲ್ಲಿ ಕಣ್ಣೊರೆಸ್ಕೊಂಡು ಕೈ ಚಾಚಿದ್ಲು.

"ಕೊಡಿಲ್ಲಿ ಡಬ್ಬಿ. ಇದಕ್ಕೆ ಯಾವ ವಾಷರ್ ಕೂರುತ್ತೆ ಅಂತ ನನಗೆ ಗೊತ್ತು. ಅವರೇ ಹೇಳ್ಕೊಟ್ಟಿದಾರೆ."

ನಲ್ಲಿ ತೊಟ್ಟಿಕ್ತಾನೇ ಇತ್ತು. ತಂಗಿ ಮುಚ್ಚಳದ ಮೇಲೆ ಅಂಗೈ ಒತ್ತಿ ಹಿಡ್ಕೊಂಡು ನಿಂತಿದ್ಲು. ಆ ಕಡೆ ಚಾಚಿದ ಕೈ, ಈ ಕಡೆ ಡಬ್ಬಿ. ನೀವಾಗಿದ್ರೆ ಕೊಡ್ತಿದ್ರಾ?