ಕರುಮನೆಯಲ್ಲಿ ಆಡದ ಮಾತು

ದೊಡ್ಡಮ್ಮನಿಗೆ ಮಾತನ್ನು ಮೆತ್ತಗೆ ಮಾಡಿ ಆಡುವುದಕ್ಕೆ ಬರುತ್ತಿರಲಿಲ್ಲ. "ಇರೋದನ್ನ ಹೇಳ್ತೀನಿ" ಎಂದು ಶುರುಮಾಡಿದಳೆಂದರೆ ಎದುರಿಗಿದ್ದವರು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ನೆರೆಮನೆಯವರು ಆಗತಾನೆ ಹುಟ್ಟಿದ ಮೊಮ್ಮಗನನ್ನು ತಂದು ಮಡಿಲಿಗೆ ಹಾಕಿದಾಗ, ಕೂಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇರೋದನ್ನ ಹೇಳ್ತೀನಿ, ಕಿವಿ ದೊಡ್ಡದು. ಮಿಕ್ಕಿದ್ದೆಲ್ಲ ಚೆನ್ನಾಗಿದೆ" ಎಂದಿದ್ದಳು. ಹಾಲಿನ ಲಾರಿಯ ಡ್ರೈವರು ಮೀಸೆಗೆ ಕಪ್ಪು ಬಳಿದುಕೊಂಡು ಬಂದ ಬೆಳಿಗ್ಗೆ, ಕ್ಯಾನಿನ ಮುಚ್ಚಳ ಬಿಗಿಯುತ್ತಲೇ, "ಮೀಸೆಗೊಂದೇ ಹರೆಯ ಬಂದ್ರೆ ಸಾಕೇನಪ್ಪ, ತಲೇನೂ ಜೊತೆಗೆ ಕರ್ಕೊಂಡು ಬರಬಾರ್ದಿತ್ತಾ?" ಎಂದು ಕೇಳಿದ್ದಳು. ಪಾಪ, ಅವನು ಆಮೇಲೆ ಬಹಳ ದಿನ ಲಾರಿಯಿಂದ ಕೆಳಗೇ ಇಳಿಯಲಿಲ್ಲ.

ಆ ಮನೆಯ ಹಿರಿಯ ಸೊಸೆ ಆಕೆ. ಮೈದುನನ ಮಕ್ಕಳಿಗೆ ಸಂಬಂಧದಿಂದ ದೊಡ್ಡಮ್ಮ, ಡ್ರೈವರನಿಂದ ಹಿಡಿದು ಉಳಿದವರಿಗೆಲ್ಲ ಬಿಟ್ಟಿ ದೊಡ್ಡಮ್ಮ. ಸ್ಥೂಲವಾದ ದೇಹ, ಚುರುಕಾದ ನಡೆ. ಎಡಗಾಲನ್ನು ತುಸು ಹೊರಕ್ಕೆಸೆಯುತ್ತ, ಎರಡೂ ಕೈಯಲ್ಲಿ ಬಕೆಟ್ಟು ಹಿಡಿದು ಅಂಗಳ ದಾಟುವಾಗ ಒಂದು ಹನಿ ಹಾಲೂ ತುಳುಕುತ್ತಿರಲಿಲ್ಲ. ಚಳಿ, ಮಳೆ, ಬಿಸಿಲೆನ್ನದೆ ಮೈಮೇಲೊಂದು ಕಂದು ಬಣ್ಣದ ಕೋಟು. ಎಳೆಗರುಗಳಿಗೆ ಕುಡಿಸುವ ಸೀಸೆಗಳು ತಣ್ಣಗಾಗದಿರಲೆಂದು ಅವನ್ನು ಜೇಬಿಗೆ ಇಳಿಬಿಟ್ಟು ಇಳಿಬಿಟ್ಟು, ಜೇಬುಗಳೆರಡೂ ಮೊಣಕಾಲಿನವರೆಗೆ ಜೋತುಬಿದ್ದಿದ್ದವು. ಹೊಸ ಕೋಟು ತಂದುಕೊಟ್ಟ ಮೈದುನನಿಗೆ "ಚೆನ್ನಾಗಿದೆ, ನೀನೇ ಹಾಕ್ಕೋ" ಎಂದುಬಿಟ್ಟಳು. ಹಳೆಯದರಿಂದ ಸೂಸುತ್ತಿದ್ದ ಹುಳಿಹಾಲಿನ ವಾಸನೆಗೆ, ಆಕೆ ಇನ್ನೂ ಬಾಗಿಲಲ್ಲಿರುವಾಗಲೇ ಕರುಗಳು ಕೂಗತೊಡಗುತ್ತಿದ್ದವು.

ವಸಂತ ಬಂತೆಂದರೆ ಆ ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಹುಲ್ಲು ಚಿಗುರುವ ಹೊತ್ತಿಗೇ ಹಸುಗಳು ಒಂದರ ಹಿಂದೊಂದು ಈಯುತ್ತವೆ; ದೊಡ್ಡವರೆಲ್ಲ ಹಾಲು ಕರೆಯುವುದರಲ್ಲಿ ಮುಳುಗಿರುವಾಗ ಕರುಗಳ ಪಾಲನೆ ಮಕ್ಕಳಿಗೆ, ಮಕ್ಕಳ ಪಾಲನೆ ದೊಡ್ಡಮ್ಮನಿಗೆ. ಒಂದೊಂದು ಮಗುವಿಗೆ ಒಂದೊಂದು ಹೆಣ್ಣುಗರು. ಬಕೆಟ್ಟಿನಿಂದ ಕುಡಿಯುವುದನ್ನು ಕಲಿಸುವುದೇ ಮೊದಲ ಪಾಠ: ಬೆರಳನ್ನು ಹಾಲಿನಲ್ಲಿ ಅದ್ದಿ ಕರುವಿನ ಬಾಯಿಗಿಟ್ಟು, ಅದು ಚೀಪುತ್ತಿರುವಾಗಲೇ ಕೈಯನ್ನು ಮೆಲ್ಲಗೆ ಬಕೆಟ್ಟಿಗೆ ಇಳಿಸಿ, ಮೂಗು ಮುಳುಗದಂತೆ ನೋಡಿಕೊಂಡು, ಕೊನೆಗೆ ಬೆರಳನ್ನು ಕಳ್ಳನ ಹಾಗೆ ಹಿಂದಕ್ಕೆ ತೆಗೆಯಬೇಕು. ಕರು ಸೀನಿ ಮಗುವಿನ ಮುಖಕ್ಕೆಲ್ಲ ಹಾಲೆರಚಿದರೆ "ಬಿಡು, ಒಂದು ಸ್ನಾನ ಉಳೀತು" ಎನ್ನುವುದು ದೊಡ್ಡಮ್ಮನ ಸಮಾಧಾನ. ಹೀಗೆ ಸಾಕಿದ ಕರು ಬೆಳೆದು, ತಾನೇ ಒಂದು ಕರು ಹಾಕಿ ಹಾಲಿಗೆ ಬರುವವರೆಗೂ ಆ ಮಗುವಿನದೇ ಎಂಬುದು ಮನೆಯ ನಿಯಮ. ಹಾಲಿಗೆ ಬಾರದ್ದನ್ನು ಮಾರಿಬಿಡಬೇಕೆಂಬುದೂ ನಿಯಮವೇ. ಎರಡನ್ನೂ ಮಾಡಿದವಳು ದೊಡ್ಡಮ್ಮ.

ಇಷ್ಟು ಬಿಚ್ಚುಮಾತಿನ ಹೆಂಗಸಿನ ಮನೆಯಲ್ಲಿ ಒಂದು ಮಾತನ್ನು ಮಾತ್ರ ಯಾರೂ ಆಡುತ್ತಿರಲಿಲ್ಲ. ದನ ಕಟ್ಟಿದ ಬೇರೆ ಯಾವ ಮನೆಯಲ್ಲಾದರೂ ದಿನಬೆಳಗಾದರೆ ಕೇಳಿಬರುವ ಮಾತು ಅದು: ಗೊಡ್ಡು. ಗಬ್ಬವಾಗದ ಹಸುವನ್ನು ಇಲ್ಲಿ "ಹಿಡೀಲಿಲ್ಲ" ಎನ್ನುತ್ತಿದ್ದರು, "ಈ ವರ್ಷ ಸುಮ್ನಿದೆ" ಎನ್ನುತ್ತಿದ್ದರು, ಏನೂ ತೋಚದಿದ್ದರೆ ಕೈಯಾಡಿಸಿ ತೋರಿಸುತ್ತಿದ್ದರು. ದೊಡ್ಡಮ್ಮನಿಗೆ ಮಕ್ಕಳಾಗಿರಲಿಲ್ಲ. ಮದುವೆಯಾಗಿ ಕೆಲವು ವರ್ಷಗಳಾದ ಮೇಲೆ, ಒಂದು ವಸಂತದ ಬೆಳಿಗ್ಗೆ, ಕರುಮನೆಯ ಬಾಗಿಲಲ್ಲಿ ನಿಂತು ಆ ಸಲ ಕರು ಹಾಕದ ಹಸುಗಳನ್ನು ಹೆಸರಿಸುತ್ತಿದ್ದ ಅತ್ತೆ, ಕೊನೆಗೆ ಸೊಸೆಯ ಕಡೆ ಗದ್ದವೆತ್ತಿ, "ಇದೂ ಒಂದು ಗೊಡ್ಡು" ಎಂದಿದ್ದಳು. ಸೊಸೆ ಆವತ್ತು ಕರುಗಳಿಗೆಲ್ಲ ಕುಡಿಸಿ ಮುಗಿಸಿದಳು. ಆದರೆ ಮರುದಿನ ಯಾರೋ ಯಾವುದೋ ಹಸುವನ್ನು ಹಾಗೆಂದಾಗ, ಬಕೆಟ್ಟು ಕೆಳಗಿಟ್ಟು ಹೋಗಿ ಬೇಲಿಯ ಹತ್ತಿರ ನಿಂತುಬಿಟ್ಟಳು. ಕರುಗಳು ಹಸಿದು ಕೂಗಿ ರಂಪ ಮಾಡಿದ ಮೇಲೆ ಗಂಡನೇ ಹೋಗಿ ಕರೆತರಬೇಕಾಯಿತು. ಅಂದು ಮನೆ ಬಿಟ್ಟ ಆ ಪದ ಅತ್ತೆ ಕಾಲವಾದ ಮೇಲೂ ಒಳಗೆ ಬರಲಿಲ್ಲ. ಮಕ್ಕಳಂತೂ ಅದನ್ನು ಕೇಳಿಯೇ ಇರಲಿಲ್ಲ.

ಹೀಗಿರುವಾಗ ಒಂದು ವಸಂತದಲ್ಲಿ ಮೈದುನನ ಕಿರಿಯ ಮಗಳಿಗೆ, ಎಲ್ಲರೂ ಚೂಟಿ ಎಂದು ಕರೆಯುವ ಹುಡುಗಿಗೆ, ಮೊದಲ ಕರು ಸಿಗಬೇಕಿತ್ತು. ಹಸುವೊಂದು ಅವಳಿ ಹಾಕಿತು, ಒಂದು ಗಂಡು, ಒಂದು ಹೆಣ್ಣು. ಗಂಡು ಉಸಿರಾಡಲೇ ಇಲ್ಲ. ಬದುಕಿದ ಹೆಣ್ಣುಗರುವಿಗೆ ಒಂದು ಕಾಲು ಮಾತ್ರ ಬೆಳ್ಳಗಿತ್ತು. ಚೂಟಿ ಅದಕ್ಕೆ ಅಲ್ಲೇ "ಕಾಲುಚೀಲ" ಎಂದು ಹೆಸರಿಟ್ಟು, ಕೊರಳು ತಬ್ಬಿ ಕೂತುಬಿಟ್ಟಳು. "ದೊಡ್ಡಮ್ಮ, ಇದೇ ನಂದು!"

ಗಂಡಿನ ಜೊತೆ ಒಂದೇ ಗರ್ಭದಲ್ಲಿ ಬೆಳೆದ ಹೆಣ್ಣುಗರುವಿಗೆ ಬಹುಮಟ್ಟಿಗೆ ಗರ್ಭಕೋಶ ಸರಿಯಾಗಿ ಬೆಳೆದಿರುವುದಿಲ್ಲವೆಂಬುದು ದನ ಸಾಕುವವರಿಗೆಲ್ಲ ಗೊತ್ತು. ಹುಡುಗಿಯ ತಾಯಿ ಓರಗಿತ್ತಿಯ ಮುಖ ನೋಡಿದಳು. ಎಲ್ಲೋ ಒಂದೊಂದು ಸರಿಯಾಗಿರುವುದೂ ಉಂಟಲ್ಲ ಎಂದು ದೊಡ್ಡಮ್ಮ ತನಗೆ ತಾನೇ ಹೇಳಿಕೊಂಡಳು. ಬಾಯಿಂದ ಹೊರಟದ್ದು ಮಾತ್ರ, "ಆಗ್ಲಿ, ಕೈ ತೊಳ್ಕೊಂಡು ಬಾ" ಎಂಬುದಷ್ಟೇ.

ಆಮೇಲಿನ ವಾರಗಳಲ್ಲಿ ದೊಡ್ಡಮ್ಮ ಮೆತ್ತಗಾದಳು, ಮನೆಯವರು ಗಾಬರಿಯಾದರು. ಡ್ರೈವರನ ಮೀಸೆ ಚೆನ್ನಾಗಿದೆ ಎಂದಳು, ಆ ಪುಣ್ಯಾತ್ಮ "ದೊಡ್ಡಮ್ಮಂಗೆ ಹುಷಾರಿಲ್ವಾ?" ಎಂದು ಸಿಕ್ಕಸಿಕ್ಕವರನ್ನೆಲ್ಲ ವಿಚಾರಿಸಿಕೊಂಡು ಹೋದ. ಇತ್ತ ಚೂಟಿಯ ಬಾಯಿಗೆ ಬಿಡುವಿಲ್ಲ. ಕಾಲುಚೀಲದ ಸಂತಾನಕ್ಕೆಲ್ಲ ಹೆಸರು ಸಿದ್ಧವಾಗಿತ್ತು. "ಇದರ ಮಗಳು ಟೋಪಿ, ಟೋಪಿ ಮಗಳು ಅಂಗಿ. ಅಂಗಿ ಹುಟ್ಟೋ ಹೊತ್ತಿಗೆ ನೀನು ಮುದುಕಿ ಆಗಿರ್ತೀಯಾ ದೊಡ್ಡಮ್ಮ?" ಹಾಲು ಸುರಿಯುತ್ತಿದ್ದ ದೊಡ್ಡಮ್ಮ ಬಕೆಟ್ಟು ತುಂಬಿ ಚೆಲ್ಲುವವರೆಗೂ ನೋಡಲಿಲ್ಲ.

"ಅಕ್ಕ, ನೀವು ಹೇಳ್ತೀರೋ, ನಾನೇ ಹೇಳ್ಲೋ?" ಎಂದು ಹುಡುಗಿಯ ತಾಯಿ ಕೇಳಿದಳು.

"ಡಾಕ್ಟ್ರು ಬಂದು ನೋಡ್ಲಿ, ಆಮೇಲೆ ನೋಡೋಣ" ಎಂದು ದೊಡ್ಡಮ್ಮ ಅಡ್ಡಗೋಡೆಯ ಮೇಲೆ ದೀಪವಿಟ್ಟಳು. ಬೇರೆ ಯಾರಾದರೂ ಹಾಗೆ ಮಾತಾಡಿದ್ದರೆ ಆಕೆಯೇ ಜಾಡಿಸಿಬಿಡುತ್ತಿದ್ದಳು.

ದನದ ಡಾಕ್ಟರು ಹೊಸಬರು, ಮನೆಯ ರೀತಿ ತಿಳಿಯದವರು. ಕರುವನ್ನು ಪರೀಕ್ಷಿಸಿ, ಕೈಗವಸು ಕಳಚುತ್ತ, "ಇದು ಗೊಡ್ಡು ಕಣಮ್ಮ, ಸಂದೇಹವೇ ಇಲ್ಲ" ಎಂದರು. ಕ್ಯಾನು ಒರೆಸುತ್ತಿದ್ದ ತಾಯಿಯ ಕೈ ನಿಂತಿತು. ಮೈದುನ ಸುಮ್ಮಸುಮ್ಮನೆ ಕೆಮ್ಮಿದ. ತಮ್ಮಿಂದೇನು ತಪ್ಪಾಯಿತೋ ತಿಳಿಯದೆ ಡಾಕ್ಟರು ಚೀಲ ಎತ್ತಿಕೊಂಡು ಹೊರಟರು.

"ಗೊಡ್ಡು ಅಂದ್ರೆ ಏನು ದೊಡ್ಡಮ್ಮ?" ಎಂದಳು ಚೂಟಿ.

ದೊಡ್ಡಮ್ಮ ಹುಲ್ಲಿನ ಹೊರೆಯ ಮೇಲೆ ಕುಸಿದು ಕೂತಳು. ಕೆಲಸದ ಹೊತ್ತಿನಲ್ಲಿ ಆಕೆ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಅಷ್ಟು ವರ್ಷಗಳ ಹಿಂದಿನ ಆ ಬೆಳಗು, ಬಾಗಿಲಲ್ಲಿ ನಿಂತ ಅತ್ತೆ, ಎಲ್ಲ ಒಮ್ಮೆಲೇ ಎದೆಗೆ ಬಂದು ಒದ್ದಂತಾಯಿತು.

"ಗೊಡ್ಡು ಅಂದ್ರೆ... ಕರು ಹಾಕಲ್ಲ."

"ಯಾವತ್ತೂ?"

"ಯಾವತ್ತೂ ಇಲ್ಲ. ಟೋಪೀನೂ ಇಲ್ಲ, ಅಂಗೀನೂ ಇಲ್ಲ."

ಚೂಟಿ ಕರುವಿನ ಕೊರಳಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮೂಗೊರೆಸಿಕೊಂಡು, ಏನೋ ಹೊಳೆದಂತೆ ತಲೆಯೆತ್ತಿದಳು.

"ನಿಂಗೂ ಮಕ್ಕಳಿಲ್ಲ. ಹಾಗಾದ್ರೆ ನೀನೂ ಗೊಡ್ಡಾ?"

"ಏ, ಮುಚ್ಚೇ ಬಾಯಿ!" ಎಂದು ತಾಯಿ ಧಾವಿಸಿ ಬಂದಳು. ದೊಡ್ಡಮ್ಮ ಕೈ ಅಡ್ಡ ಹಿಡಿದಳು.

"ಹೌದು. ನಾನೂ ಗೊಡ್ಡು."

"ಮತ್ತೆ ಹೇಳ್ಬಾರ್ದಾ!" ಎಂದಳು ಚೂಟಿ, ದೊಡ್ಡ ಭಾರ ಇಳಿದವಳ ಹಾಗೆ. "ಇದೂ ನಿನ್ನ ಹಾಗೇ ಎಲ್ಲರ ಕರು ನೋಡ್ಕೊಳ್ಳುತ್ತೆ, ಬಿಡು. ಅಪ್ಪ, ಇದನ್ನ ಮಾರ್ಬೇಡ."

ದೊಡ್ಡಮ್ಮ ಅತ್ತಳು. ಕೋಟಿನ ತೋಳಿನಿಂದ ಒರೆಸಿಕೊಂಡಷ್ಟೂ ಕಣ್ಣೀರು ಬರುತ್ತಿತ್ತು, ಆದರೂ ಎದೆ ಹಗುರಾಗಿತ್ತು. ಕಡೆಗೆ ಸೆರಗೋ ತೋಳೋ ನೋಡದೆ ಮೂಗು ಸೀಟಿ ಎದ್ದು ನಿಂತು ಮೈದುನನ ಕಡೆ ತಿರುಗಿದಳು. "ಇರೋದನ್ನ ಹೇಳ್ತೀನಿ. ಈ ಕರು ಮಾರೋ ಹಾಗಿಲ್ಲ."

"ಅತ್ತಿಗೆ, ನಿಯಮ ಮಾಡಿದ್ದು ನೀವೇ..."

"ಮಾಡಿದೋಳಿಗೆ ಮುರಿಯೋಕೆ ಬರಲ್ವಾ?"

ಕಾಲುಚೀಲ ಬೆಳೆದು, ಮುಂದಿನ ವಸಂತಗಳಲ್ಲಿ ಎಳೆಗರುಗಳನ್ನು ಹುಲ್ಲುಗಾವಲಿಗೆ ಕರೆದೊಯ್ಯುವ ಹಿರಿಯಕ್ಕನಾಯಿತು. ಮಹಾ ಜಾಣೆಯೇನಲ್ಲ, ಮೊದಲ ದಿನವೇ ಒಣಹಾಕಿದ ಬಟ್ಟೆಗೆ ಬೆದರಿ, ಇಡೀ ಸೈನ್ಯವನ್ನು ಹಿಂದೆ ಕಟ್ಟಿಕೊಂಡು ಮನೆಗೆ ಓಡಿಬಂತು. ಈಗ ಬೆಳಿಗ್ಗೆ ಅದರ ಜೊತೆ ಹೊರಡುವಾಗ ದೊಡ್ಡಮ್ಮ ಅಡಿಗೆಮನೆಗೆ ಕೇಳುವಂತೆ ಕೂಗುತ್ತಾಳೆ: "ನಾವಿಬ್ರು ಗೊಡ್ಡುಗಳು ಹೊರಟ್ವಿ, ಬಾಗಿಲು ಹಾಕ್ಕೊಳ್ಳಿ!" ಒಳಗಿದ್ದವರು ಮೊದಮೊದಲು ಬೆಚ್ಚುತ್ತಿದ್ದರು, ಈಗ ನಗುತ್ತಾರೆ.

ನಿಷ್ಠುರವಾದಿಗಳೆಂದು ನಾವು ದೂರವಿಡುವ ಮಂದಿ ಬಹುಪಾಲು ಹೀಗೆಯೇ ಇರಬೇಕು. ಎಂದೋ ಒಂದು ದಿನ ಒಂದು ಮಾತು ಅವರ ಮುಖಕ್ಕೆ ರಾಚಿರುತ್ತದೆ. ಅದಕ್ಕಿಂತ ಕಠಿಣವಾದದ್ದು ಇನ್ನಿಲ್ಲವೆಂಬ ಧೈರ್ಯದಲ್ಲಿ ಅವರು ಲೋಕದ ಉಳಿದೆಲ್ಲ ಸತ್ಯಗಳನ್ನೂ ನಿರ್ಭಯವಾಗಿ ಆಡುತ್ತಾರೆ, ಆ ಒಂದನ್ನು ಮಾತ್ರ ಸುತ್ತುಬಳಸಿ ದೂರದಿಂದಲೇ ಹಾದುಹೋಗುತ್ತಾರೆ. ಅವರ ಮೇಲಿನ ಪ್ರೀತಿಯಿಂದ ನಾವೂ ಆ ಮಾತನ್ನು ಬಚ್ಚಿಟ್ಟು, ಅದರ ಹರಿತ ಕೆಡದಂತೆ ಕಾಪಾಡುತ್ತೇವೆ. ಅದು ಮೊಂಡಾಗಬೇಕಾದರೆ, ಅದೊಂದು ಬೈಗುಳವೆಂದೇ ತಿಳಿಯದ ಮಗುವೊಂದು ಅದನ್ನು ಕೈಗೆತ್ತಿಕೊಳ್ಳಬೇಕು.